ಮಡಿಕೇರಿ ಸಮೀಪದ ಸವಾರಿ ಶಾಲೆ: ಕಲಿಕೆ ಉತ್ತಮ, ಅಂಗಳ ಸಾಲದು
ಪೋಲಿಯೋದಿಂದ ಮೊಣಕಾಲಿನ ಕೆಳಗೆ ಬಲ ಕಳೆದುಕೊಂಡು, ಕುದುರೆಯೇರಲು ಪರರ ನೆರವು ಬೇಕಿದ್ದ ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಅವರು 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನ ಸವಾರರ ಸೂಚನೆಯಂತೆ ಕುದುರೆ ನಿಗದಿತ ಚಲನೆಗಳನ್ನು ಮಾಡಿ ತೋರಿಸುವ ಸ್ಪರ್ಧೆಯಾದ ಡ್ರೆಸಾಜ್‌ನಲ್ಲಿ ಬೆಳ್ಳಿ ಗೆದ್ದು, 1956ರಲ್ಲಿ ಮತ್ತೊಮ್ಮೆ ಬೆಳ್ಳಿ ಪಡೆದರು. ಈ ಶಾಲೆಯ ತರಬೇತುದಾರರು ಅವರ ಹಾದಿಯನ್ನು ಚೆನ್ನಾಗಿ ಬಲ್ಲವರು. ಅಪಘಾತದಿಂದ ಕಾಲುಗಳ ಬಲ ಕುಂದಿರುವ ನನ್ನ ತಂಗಿಗೆ, ಕಾಲಿನ ಒತ್ತಡವಿಲ್ಲದೆ ಮೈಭಾರ, ಬೆನ್ನಿನ ಚಲನೆ ಮತ್ತು ಲಗಾಮಿನಿಂದಲೇ ಕುದುರೆಗೆ ಸೂಚನೆ ನೀಡುವುದನ್ನು ಬಹು ತಾಳ್ಮೆಯಿಂದ ಕಲಿಸುತ್ತಿದ್ದಾರೆ. ಕುದುರೆಗಳೂ ಸೌಮ್ಯ ಸ್ವಭಾವದವು. ಆದರೆ ಗಾಲಿಕುರ್ಚಿಯಿಂದ ನೇರವಾಗಿ ಜೀನಿಗೆ ಸರಿಯಲು ಇಳಿಜಾರು ಕಟ್ಟೆಯಿಲ್ಲ. ಮರದ ಮೆಟ್ಟಿಲೊಂದೇ ಗತಿ. ಪ್ಯಾರಾಲಿಂಪಿಕ್ಸ್‌ನಲ್ಲಿ 1996ರಿಂದಲೇ ಇರುವ ಈ ಕ್ರೀಡೆಯನ್ನು ಕಲಿಸುವವರಿಗೆ ಇದು ಶೋಭಿಸದು. ಮೇಲ್ಚಾವಣಿಯಿಲ್ಲದ ಅಂಗಳ ಕೊಡಗಿನ ಮಳೆಗಾಲದಲ್ಲಿ (ನಮ್ಮಲ್ಲಿ ಅದೆಷ್ಟು ದೀರ್ಘವೆಂದು ಹೇಳಬೇಕಿಲ್ಲ) ಕೆಸರಾಗುವುದರಿಂದ, ಸೇರಬಯಸುವವರು ನವೆಂಬರ್ ನಂತರ ಬರುವುದೇ ಲೇಸು.