ವಿ-ಕ್ರಾಸ್‌ಗೆ ಬಂಪರ್, ಫಾಗ್ ಲೈಟ್, ಲಿಫ್ಟ್: ಏನು ಉಳಿಸಿಕೊಂಡೆ, ಏನು ಬಿಚ್ಚಿಸಿದೆ

ಪಿಕಪ್‌ಗೆ ಹಾಕಿಸುವ ಬಂಪರ್, ಫಾಗ್ ಲೈಟ್, ಸಸ್ಪೆನ್ಷನ್ ಲಿಫ್ಟ್ (ಗಾಡಿಯನ್ನು ಚಕ್ರದ ಮೇಲೆ ಇನ್ನಷ್ಟು ಎತ್ತರಿಸುವ ಸಾಮಾನು) ಮೂರೂ ಒಂದೇ ಲೆಕ್ಕಕ್ಕೆ ಸೇರಿದ ಸಾಮಾನು. ಮುಂದಿನ ಬಂಪರ್ ಎಷ್ಟು ತೂಕ ಅನ್ನುವುದರ ಮೇಲೆ ಯಾವ ಸ್ಪ್ರಿಂಗ್ ಬೇಕು ಅಂತ ತೀರ್ಮಾನ ಆಗುತ್ತದೆ. ಸ್ಪ್ರಿಂಗ್ ಗಾಡಿಯ ಮೂತಿಯನ್ನು ಎಷ್ಟು ಎತ್ತುತ್ತದೋ ಅದಕ್ಕೆ ತಕ್ಕ ಹಾಗೆ ಲೈಟ್ ಬೀಳುವ ಜಾಗ ಬದಲಾಗುತ್ತದೆ. ಆದರೆ ನಮ್ಮ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಮೂರನ್ನೂ ಮೂರು ಅಂಗಡಿಯವರು ಮಾರುತ್ತಾರೆ. ಲೈಟ್ ಹಾಕುವವನು ಸ್ಪ್ರಿಂಗ್ ಬಗ್ಗೆ ಕೇಳುವುದಿಲ್ಲ, ಸ್ಪ್ರಿಂಗ್ ಹಾಕುವವನು ಬಂಪರ್ ತೂಗಿ ನೋಡುವುದಿಲ್ಲ.

ನನ್ನದು 2018ರ ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್, 2.5 ಲೀಟರ್ ಡೀಸೆಲ್, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಹಳೆಯ ಮಾಲೀಕರು ಶೋಕಿದಾರರು. ಪೀಣ್ಯದಲ್ಲಿ ಮಾಡಿಸಿದ ಕಬ್ಬಿಣದ ಬಂಪರ್, ಅದರ ಮೇಲೊಂದು ಉದ್ದನೆ ಎಲ್‌ಇಡಿ ಬಾರ್, ಮುಂದೆ ಸ್ಪೇಸರ್ ಲಿಫ್ಟ್, ಹಿಂದೆ ಉದ್ದ ಶಾಕಲ್ (ಪಟ್ಟೆ ಸ್ಪ್ರಿಂಗ್‌ನ ಒಂದು ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ) ಎಲ್ಲ ಹಾಕಿಸಿಯೇ ಕೊಟ್ಟಿದ್ದರು. ವಾರವೆಲ್ಲ ನಾಗರಭಾವಿಯಿಂದ ಪೀಣ್ಯಕ್ಕೆ ಓಡಾಟ. ವಾರದ ಕೊನೆಗೆ ಮಾಗಡಿ ಆಚೆಗಿನ ತೋಟಕ್ಕೆ ಗೊಬ್ಬರ, ಪೈಪು, ಕಾಯಿ ಮೂಟೆ. ಆಗಾಗ ಚಾರ್ಮಾಡಿ ಇಳಿದು ಹೆಂಡತಿಯ ಊರಿಗೆ. ಈ ಬಳಕೆಯಲ್ಲಿ ಒಂದೊಂದೇ ಬದಲಾಯಿಸುತ್ತಾ ಬಂದೆ. ವಾರಕ್ಕೊಮ್ಮೆ ಕಾಡು ಹೊಳೆ ದಾಟುವವರ ವಿಮರ್ಶೆ ಬೇರೆ ಇರಬಹುದು.

ಮೊದಲು ಬಂಪರ್. ನೋಡಲು ಗತ್ತಾಗಿತ್ತು, ಸುಳ್ಳು ಹೇಳುವುದಿಲ್ಲ. ಸಿಗ್ನಲ್‌ನಲ್ಲಿ ಆಟೋದವರು ಒಂದು ಗೇಣು ಜಾಗ ಜಾಸ್ತಿ ಬಿಡುತ್ತಿದ್ದರು. ಬಿಚ್ಚಿ ಗುಜರಿಗೆ ಹಾಕಿದ ದಿನ ತಕ್ಕಡಿ ತೋರಿಸಿದ್ದು 60 ಕೆ.ಜಿ.ಗೂ ಮೇಲೆ. ಆ ತೂಕ ಕೂರುವುದು ಮುಂದಿನ ಚಕ್ರಗಳಿಗಿಂತ ಮುಂದೆ. ಹಾಗಾಗಿ ಅದು ಹಿಂಭಾಗವನ್ನು ಸ್ವಲ್ಪ ಎತ್ತಿ, ಆ ಭಾರವನ್ನೂ ಮುಂದಕ್ಕೇ ತಳ್ಳುತ್ತದೆ. ವಿ-ಕ್ರಾಸ್‌ನ ವೀಲ್‌ಬೇಸ್, ಅಂದರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ, 3095 ಮಿ.ಮೀ. ಆ ಲೆಕ್ಕದಲ್ಲಿ 60 ಕೆ.ಜಿ. ಬಂಪರ್ ಮುಂದಿನ ಚಕ್ರಗಳ ಮೇಲೆ ಹತ್ತಿರ ಹತ್ತಿರ 75 ಕೆ.ಜಿ.ಯಾಗಿ ಕೂರುತ್ತದೆ. ಬ್ರೇಕ್ ಒತ್ತಿದರೆ ಮೂತಿ ಮುಳುಗುತ್ತಿತ್ತು. ಹಂಪ್ ಇಳಿಯುವಾಗ ಸಸ್ಪೆನ್ಷನ್ ಪೂರ್ತಿ ಕೂತು ಧಡ್ ಅನ್ನುತ್ತಿತ್ತು.

ಬಿಚ್ಚಿಸಲು ತೂಕ ಒಂದೇ ಕಾರಣ ಅಲ್ಲ. 2017ರ ಡಿಸೆಂಬರ್‌ನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಗಾಡಿಯ ಮೂತಿಗೆ ಹೊರಗಿನಿಂದ ಹಾಕಿಸುವ ಕ್ರ್ಯಾಶ್ ಗಾರ್ಡ್, ಬುಲ್ ಬಾರ್‌ಗಳ ಮೇಲೆ ಕ್ರಮ ತೆಗೆದುಕೊಳ್ಳಿ ಅಂತ ರಾಜ್ಯಗಳಿಗೆ ಪತ್ರ ಬರೆದಿತ್ತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರ ಬದಲಾಗುವ ಹಾಗೆ ಗಾಡಿ ತಿದ್ದುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್‌ನಲ್ಲಿ ಕಾನೂನು ಒಪ್ಪದ ಒಂದೊಂದು ಮಾರ್ಪಾಡಿಗೂ 5000 ರೂಪಾಯಿ ದಂಡ ಇದೆ, ಆರು ತಿಂಗಳವರೆಗೆ ಜೈಲಿಗೂ ಅವಕಾಶ ಇದೆ. ಅಂಗಡಿಯಲ್ಲಿ ಕೇಳಿದರೆ "ಏನೂ ಆಗಲ್ಲ ಸಾರ್, ಎಲ್ರೂ ಹಾಕ್ಸಿದಾರೆ" ಅನ್ನುತ್ತಾರೆ. ದಂಡ ಕಟ್ಟುವವರು ಅವರಲ್ಲ ಅಲ್ವಾ?

ದಂಡವನ್ನು ಬದಿಗಿಟ್ಟರೂ ಡಿಕ್ಕಿಯ ಲೆಕ್ಕ ಇದ್ದೇ ಇದೆ. ಕಂಪನಿಯ ಬಂಪರ್ ಮತ್ತು ಅದರ ಹಿಂದಿನ ತಗಡು ಮುದುಡಲೆಂದೇ ಇರುವುದು. ಅವು ಮುದುಡುವ ಹೊತ್ತಿನಲ್ಲಿ ಹೊಡೆತದ ಜೋರು ಕಡಿಮೆಯಾಗುತ್ತದೆ, ಏರ್‌ಬ್ಯಾಗ್ ಯಾವಾಗ ಬಿಚ್ಚಬೇಕು ಅನ್ನುವ ಲೆಕ್ಕವೂ ಅದನ್ನು ನಂಬಿಕೊಂಡೇ ಮಾಡಿದ್ದು. ಚಾಸಿಗೆ ನೇರವಾಗಿ ಬೋಲ್ಟ್ ಮಾಡಿದ ಕಬ್ಬಿಣ ಮುದುಡುವುದಿಲ್ಲ. ಪೆಟ್ಟು ಹಾಗೇ ಒಳಗೆ ಬರುತ್ತದೆ. ಎದುರಿಗೆ ಸಿಕ್ಕವರು ನಡೆದು ಹೋಗುತ್ತಿದ್ದರೆ ಅವರ ಕಾಲಿನ ಗತಿ ಬೇರೆ ಹೇಳಬೇಕಾಗಿಲ್ಲ. ಹೊರದೇಶದ ದೊಡ್ಡ ಕಂಪನಿಗಳು ಏರ್‌ಬ್ಯಾಗ್ ಜತೆ ಪರೀಕ್ಷೆ ಮಾಡಿದ ಬಂಪರ್ ಮಾರುತ್ತವೆ, ನಿಜ. ಪೀಣ್ಯದಲ್ಲಿ ಅಳತೆ ಕೊಟ್ಟು ವೆಲ್ಡ್ ಮಾಡಿಸಿದ್ದಕ್ಕೆ ಅಂಥ ಪರೀಕ್ಷೆ ಎಲ್ಲಿಂದ ಬರಬೇಕು? ಕಂಪನಿಯ ಪ್ಲಾಸ್ಟಿಕ್ ಬಂಪರ್ ವಾಪಸ್ ಹಾಕಿಸಿದೆ. ಗಾಡಿ ಹೂತರೆ ಎಳೆಯಲು ಚಾಸಿಗೆ ಸೇರಿದ ಕೊಕ್ಕೆ ಸಾಕು.

ಇಲ್ಲಿಂದಲೇ ಲಿಫ್ಟ್ ಕಥೆ ಶುರು. ಬಂಪರ್ ಹೋದ ತಕ್ಷಣ ಮೂತಿ ಮೇಲೆದ್ದಿತು. ಸ್ಪೇಸರ್ ಅಂದರೆ ಮುಂದಿನ ಶಾಕ್ ಅಬ್ಸಾರ್ಬರ್‌ಗೆ ಸುತ್ತಿದ ಸ್ಪ್ರಿಂಗ್‌ನ ತಲೆ ಮೇಲೆ ಕೂರಿಸುವ ಒಂದು ದಪ್ಪ ಬಿಲ್ಲೆ. ಕೆಲವೇ ಸಾವಿರದಲ್ಲಿ ಮುಗಿಯುತ್ತದೆ, ಗಾಡಿ ಎರಡು ಇಂಚು ಎತ್ತರ ಕಾಣುತ್ತದೆ. ಆದರೆ ಸ್ಪ್ರಿಂಗ್ ಅದೇ, ಶಾಕ್ ಅದೇ. ಚಕ್ರ ಕೆಳಗೆ ಇಳಿಯಲು ಇದ್ದ ಜಾಗವನ್ನು ಬಿಲ್ಲೆ ತಿಂದುಬಿಡುತ್ತದೆ. ಹಂಪ್ ದಾಟಿ ಚಕ್ರ ಇಳಿಯುವಾಗ ಶಾಕ್ ತುದಿ ಮುಟ್ಟಿ ಟಕ್ ಅನ್ನುತ್ತದೆ. ನಮ್ಮ ಲೇಔಟ್‌ಗಳಲ್ಲಿ ಮನೆಗೊಂದು ಹಂಪ್, ಅದಕ್ಕೆ ಪೇಂಟೂ ಇರುವುದಿಲ್ಲ. ದಿನವೆಲ್ಲ ಈ ಟಕ್ ಕೇಳಿ ತಲೆ ಕೆಡುತ್ತದೆ. ಆಕ್ಸಲ್‌ನ ಸಿವಿ ಜಾಯಿಂಟ್ (ಚಕ್ರ ತಿರುಗಿಸುವ ದಂಡದ ಬಾಗುವ ಕೀಲು) ಸದಾ ಓರೆಯಾಗಿ ತಿರುಗುವುದರಿಂದ ಅದರ ರಬ್ಬರ್ ಬೂಟ್ ಬೇಗ ಸೀಳುತ್ತದೆ. ನನ್ನದು ಸೀಳಿ, ಗ್ರೀಸ್ ಚಕ್ರದ ಒಳಗೆಲ್ಲ ಸಿಡಿದಿತ್ತು.

ಎಆರ್‌ಬಿಯ ಓಲ್ಡ್ ಮ್ಯಾನ್ ಇಮೂ, ಐರನ್‌ಮ್ಯಾನ್, ಟಫ್ ಡಾಗ್ ಇವೆಲ್ಲ ಆಸ್ಟ್ರೇಲಿಯಾದವು. ಇಂಥವರ ಸ್ಪ್ರಿಂಗ್ ತಗೊಳ್ಳುವಾಗ ಎತ್ತರ ಕೇಳಿದರೆ ಸಾಲದು. ಮೂತಿಯ ಮೇಲೆ ಎಷ್ಟು ತೂಕ ಹೇರುತ್ತೀರಿ ಅನ್ನುವುದನ್ನು ನೋಡಿ ಆರಿಸಬೇಕು. ಕಂಪನಿ ಬಂಪರ್‌ಗೆ ಒಂದು, ಕಬ್ಬಿಣದ ಬಂಪರ್‌ಗೆ ಇನ್ನೊಂದು, ಹೂತ ಗಾಡಿ ಎಳೆಯುವ ವಿಂಚ್ ಸೇರಿದರೆ ಮತ್ತೊಂದು. ಭಾರದ ಸ್ಪ್ರಿಂಗನ್ನು ಖಾಲಿ ಮೂತಿಗೆ ಹಾಕಿದರೆ ಗಾಡಿ ಆಕಾಶ ನೋಡುತ್ತದೆ, ಒಳಗಿದ್ದವರ ಸೊಂಟ ಹೋಗುತ್ತದೆ. "ಯಾವುದಾದ್ರೇನು ಸಾರ್, ಎರಡು ಇಂಚು ಬರುತ್ತೆ" ಅಂದ ಅಂಗಡಿಯಿಂದ ಸುಮ್ನೆ ಎದ್ದು ಬಂದೆ. ಕಬ್ಬಿಣದ ಬಂಪರ್ ಇಲ್ಲದ ಗಾಡಿಗೆ ಅಂತಲೇ ಇರುವ ಸ್ಪ್ರಿಂಗ್, ಅದಕ್ಕೆ ಹೊಂದುವ ಉದ್ದದ ಶಾಕ್, ಹಿಂದಕ್ಕೆ ಹೊಸ ಲೀಫ್ (ಪಟ್ಟೆ) ಸ್ಪ್ರಿಂಗ್ ಸೆಟ್ ಹಾಕಿಸಿದೆ. ಕೂಲಿ ಸೇರಿ ಲಕ್ಷ ದಾಟಿತು. ಮನೆಯಲ್ಲಿ ಬೇರೆ ಅಂಕಿ ಹೇಳಿದ್ದೇನೆ.

ಹಿಂದಿನ ಉದ್ದ ಶಾಕಲ್ ಬಗ್ಗೆ ಒಂದು ಮಾತು. ಶಾಕಲ್ ಎರಡು ಇಂಚು ಉದ್ದ ಮಾಡಿದರೆ ಗಾಡಿ ಏಳುವುದು ಒಂದೇ ಇಂಚು, ಏಕೆಂದರೆ ಪಟ್ಟೆಯ ಇನ್ನೊಂದು ತುದಿ ಇದ್ದಲ್ಲೇ ಇರುತ್ತದೆ. ಜತೆಗೆ ಆಕ್ಸಲ್ ಸ್ವಲ್ಪ ತಿರುಗಿ, ಗೇರ್‌ಬಾಕ್ಸ್‌ನಿಂದ ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್‌ನ ಕೋನ ಕೆಡುತ್ತದೆ. ತುಮಕೂರು ರಸ್ತೆಯಲ್ಲಿ ವೇಗ ಹಿಡಿದಾಗ ಸೀಟಿನ ಕೆಳಗೆ ಬರುತ್ತಿದ್ದ ನಡುಕಕ್ಕೆ ಇದೇ ಕಾರಣ. ಶಾಕಲ್ ತೆಗೆದ ಮೇಲೆ ನಿಂತಿತು. ಇರುವ ಸೆಟ್‌ಗೇ ಒಂದು ಪಟ್ಟೆ ಜಾಸ್ತಿ ಸೇರಿಸುವುದು ಅಗ್ಗದ ದಾರಿ, ಸದಾ ಲೋಡ್ ಹೊರುವವರಿಗೆ ಅದು ಸರಿ. ನನ್ನ ಹಾಗೆ ವಾರವೆಲ್ಲ ಖಾಲಿ ಓಡಿಸುವವರಿಗೆ ಹಿಂಭಾಗ ಕುಣಿದು ಸಾಕಾಗುತ್ತದೆ.

ಲಿಫ್ಟ್ ಆದ ಮೇಲೆ ಅಲೈನ್‌ಮೆಂಟ್ ಮಾಡಿಸಲೇಬೇಕು. ನಮ್ಮಲ್ಲಿ ಬಹಳಷ್ಟು ಕಡೆ ಟೋ (ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಒಂದು ಸರಿ ಮಾಡಿ ಬಿಲ್ ಕೊಡುತ್ತಾರೆ. ಎತ್ತರ ಜಾಸ್ತಿಯಾದಾಗ ಕ್ಯಾಸ್ಟರ್ (ಪಕ್ಕದಿಂದ ನೋಡಿದರೆ ಸ್ಟೀರಿಂಗ್ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಕಡಿಮೆಯಾಗುತ್ತದೆ. ಅದನ್ನು ಸರಿ ಮಾಡದಿದ್ದರೆ ಹೈವೇಯಲ್ಲಿ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ, ಗಾಡಿ ಅತ್ತಿತ್ತ ಅಲೆಯುತ್ತದೆ. ಮೊದಲಿನ ಮತ್ತು ನಂತರದ ಅಳತೆಯ ಪ್ರಿಂಟ್ ಎರಡನ್ನೂ ಕೇಳಿ. ಕೊಡದಿದ್ದರೆ ಬೇರೆ ಕಡೆ ಹೋಗಿ.

ಇನ್ನು ಲಿಫ್ಟ್ ಹಾಕಿಸಿದರೆ ನೆಲ ತಾಗುವುದೇ ಇಲ್ಲ ಅನ್ನುವುದು ಅರ್ಧ ಸತ್ಯ. ಬಾಡಿ, ಚಾಸಿ, ಮುಂದಿನ ಡಿಫರೆನ್ಷಿಯಲ್ (ಎಡ ಬಲ ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಮೇಲೇಳುತ್ತವೆ. ಹಿಂದಿನ ಡಿಫರೆನ್ಷಿಯಲ್ ಆಕ್ಸಲ್‌ನಲ್ಲೇ ಇರುವುದರಿಂದ ಇದ್ದಲ್ಲೇ ಇರುತ್ತದೆ. ಅದನ್ನು ಎತ್ತುವುದು ದೊಡ್ಡ ಟೈರ್ ಮಾತ್ರ. ನನ್ನ ಗಾಡಿಯ 255/65 ಆರ್17 ಬದಲು 265/70 ಆರ್17 ಹಾಕಿದರೆ ಸಿಗುವುದು ಸುಮಾರು 20 ಮಿ.ಮೀ. ಆಗ ಮೀಟರ್ 100 ತೋರಿಸುವಾಗ ಮೊದಲು ಓಡುತ್ತಿದ್ದುದಕ್ಕಿಂತ ನೂರಕ್ಕೆ ಐದರಷ್ಟು ಜಾಸ್ತಿ ಓಡುತ್ತಿರುತ್ತೀರಿ. ನಾನು ಹಳೆಯ ಅಳತೆಯನ್ನೇ ಇಟ್ಟುಕೊಂಡೆ. ಮೇಲೆ ಹೇಳಿದ ಕಾನೂನು ಲಿಫ್ಟ್‌ಗೆ ರಿಯಾಯಿತಿ ಏನೂ ಕೊಟ್ಟಿಲ್ಲ, ಅಧಿಕಾರಿ ತಕರಾರು ತೆಗೆದರೆ ಉತ್ತರ ಕೊಡಬೇಕಾದವರು ನಾವೇ. ಇನ್ಶೂರೆನ್ಸ್‌ನವರಿಗೆ ಬರೆದು ತಿಳಿಸಿಟ್ಟಿದ್ದೇನೆ. ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ ಈವರೆಗೆ ತಲೆ ತಾಗಿಲ್ಲ, ಕ್ಯಾರಿಯರ್ ಇದ್ದಿದ್ದರೆ ಖಂಡಿತ ತಾಗುತ್ತಿತ್ತು.

ಕೊಟ್ಟ ದುಡ್ಡಿಗೆ ಅತಿ ಹೆಚ್ಚು ಸಿಕ್ಕಿದ್ದು ಫಾಗ್ ಲೈಟ್‌ನಿಂದ. ಹಳೆಯ ಎಲ್‌ಇಡಿ ಬಾರ್ ಹಾಕಿಕೊಂಡು ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿದರೆ, ಮಳೆಗಾಲದ ಮಂಜಿನಲ್ಲಿ ಮೂತಿಯ ಮುಂದೆ ಬಿಳಿ ಪಂಚೆ ಒಣಗಿಹಾಕಿದ ಹಾಗೆ ಕಾಣುತ್ತಿತ್ತು. ಬೆಳಕು ಜಾಸ್ತಿಯಾದಷ್ಟೂ ಮಂಜಿನ ಹನಿಗೆ ಬಡಿದು ನಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ಫಾಗ್ ಲೈಟ್ ಕೆಳಗಿರಬೇಕು, ಬೆಳಕು ಅಗಲವಾಗಿ ಚಪ್ಪಟೆಯಾಗಿ ಹರಡಬೇಕು, ಮೇಲಿನ ಅಂಚು ಗೆರೆ ಎಳೆದಂತೆ ಕತ್ತರಿಸಿರಬೇಕು. ಹಳದಿ ಬೆಳಕು ಮಂಜನ್ನು ಸೀಳುತ್ತದೆ ಅನ್ನುವುದು ಅಂಗಡಿಯ ಮಾತು. ಮಂಜಿನ ಹನಿ ಬೆಳಕಿನ ಅಲೆಗಿಂತ ಎಷ್ಟೋ ಪಟ್ಟು ದೊಡ್ಡದು, ಅದಕ್ಕೆ ಹಳದಿ, ಬಿಳಿ ಎಲ್ಲ ಒಂದೇ. ಆದರೂ ನಾನು 3000 ಕೆಲ್ವಿನ್‌ನ ಹಳದಿಯನ್ನೇ ತಗೊಂಡೆ. ನನ್ನ ಕಣ್ಣಿಗೆ ಅದು ಹಿತ, ಅಷ್ಟೇ.

ಹ್ಯಾಲೊಜೆನ್ ಗೂಡಿಗೆ ಬರೀ ಎಲ್‌ಇಡಿ ಬಲ್ಬ್ ತುರುಕಿಸಬೇಡಿ. ಫಿಲಮೆಂಟ್ ಇದ್ದ ಜಾಗಕ್ಕೆ ಸರಿಯಾಗಿ ಎಲ್‌ಇಡಿ ಚಿಪ್ ಬರದಿದ್ದರೆ ಅಂಚೆಲ್ಲ ಚದುರಿ ಎದುರಿನವರ ಮುಖಕ್ಕೆ ಬೀಳುತ್ತದೆ. ಪೂರ್ತಿ ಯೂನಿಟ್ಟೇ ಬದಲಾಯಿಸಿ. ವೈರಿಂಗ್‌ನಲ್ಲಿ ಜುಗ್ಗತನ ಬೇಡ. 55 ವ್ಯಾಟ್‌ನ ಎರಡು ಹ್ಯಾಲೊಜೆನ್ ಅಂದರೆ 9 ಆಂಪಿಯರ್‌ಗೂ ಜಾಸ್ತಿ ಕರೆಂಟ್. ಬ್ಯಾಟರಿಯಿಂದ ಪ್ರತ್ಯೇಕ ಲೈನ್, 15 ಆಂಪಿಯರ್ ಫ್ಯೂಸ್, ರಿಲೇ ಇರಲೇಬೇಕು. ಹೆಡ್‌ಲೈಟ್ ವೈರನ್ನು ಕೆರೆದು ಟೇಪ್ ಸುತ್ತುವವರ ಕೈಗೆ ಗಾಡಿ ಕೊಡಬೇಡಿ.

ಲಿಫ್ಟ್ ಆದ ಮೇಲೆ ಲೈಟ್ ಇಳಿಸದಿದ್ದರೆ ಏನಾಗುತ್ತದೆ ಅಂತ ಲೆಕ್ಕ ಹಾಕಿ ನೋಡಿ. ಹಿಂಭಾಗಕ್ಕಿಂತ ಮೂತಿ 25 ಮಿ.ಮೀ. ಜಾಸ್ತಿ ಎದ್ದರೂ 50 ಮೀಟರ್ ದೂರದಲ್ಲಿ ಬೆಳಕು ಸುಮಾರು 40 ಸೆಂ.ಮೀ. ಮೇಲೆ ಹೋಗುತ್ತದೆ. ಅಂದರೆ ನೇರವಾಗಿ ಬೈಕಿನವರ ಕಣ್ಣಿಗೆ. 2024ರ ಜುಲೈನಿಂದ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ಲೈಟ್‌ಗಳ ಮೇಲೆ ಕೇಸ್ ಹಾಕಲು ಶುರು ಮಾಡಿದ್ದು ಸುಮ್ನೆ ಅಲ್ಲ. ಸಮತಟ್ಟಾದ ಕಡೆ ಗೋಡೆಯಿಂದ 10 ಮೀಟರ್ ದೂರ ನಿಲ್ಲಿಸಿ, ಫಾಗ್ ಲೈಟ್‌ನ ಮೇಲಂಚು ಲೈಟ್‌ನ ಎತ್ತರಕ್ಕಿಂತ 20 ಸೆಂ.ಮೀ. ಕೆಳಗೆ ಬೀಳುವ ಹಾಗೆ ಸ್ಕ್ರೂ ತಿರುಗಿಸಿ. ಹಿಂದೆ ಮೂಟೆ ಹೇರುವ ಅಭ್ಯಾಸ ಇದ್ದರೆ ಹೇರಿಕೊಂಡೇ ನೋಡಿ.

ಈಗಿನ ಸ್ಥಿತಿ: ಸ್ಪ್ರಿಂಗ್ ಕೂತಿಲ್ಲ, ಶಾಕ್ ಸೋರಿಲ್ಲ. ಲೀಫ್ ಸ್ಪ್ರಿಂಗ್‌ನ ಯು-ಬೋಲ್ಟ್ ಹಾಕಿಸಿದ ಕೆಲವೇ ದಿನಕ್ಕೆ ಸಡಿಲ ಆಗಿತ್ತು, ಮತ್ತೆ ಬಿಗಿ ಮಾಡಿಸಿದೆ. ತೋಟದ ಕೆಂಪು ಮಣ್ಣು ಫಾಗ್ ಲೈಟ್‌ನ ಗಾಳಿ ತೂತಿಗೆ ಕೂತು ಒಂದರ ಗಾಜಿನೊಳಗೆ ಹಬೆ ಕಟ್ಟಿತ್ತು, ತೂತು ಬಿಡಿಸಿ ಬಿಸಿಲಿಗಿಟ್ಟ ಮೇಲೆ ಒಣಗಿತು. ಮುಂದಿನ ಎಡಗಡೆ ಚಕ್ರವನ್ನು ಚಾಸಿಗೆ ಸೇರಿಸುವ ಮೇಲಿನ ಆರ್ಮ್‌ನ ಬಾಲ್ ಜಾಯಿಂಟ್ ಇತ್ತೀಚೆಗೆ ಕಿರ್ ಅನ್ನುತ್ತಿದೆ. ಎತ್ತರದ ಗಾಡಿಗೆ ಅಂತಲೇ ಬರುವ ಆರ್ಮ್ ಹಾಕಿಸಿದರೆ ಕ್ಯಾಸ್ಟರ್ ಇನ್ನೂ ಚೆನ್ನಾಗಿ ಸರಿಹೋಗುತ್ತದೆ, ಆದರೆ ಅದರ ಬೆಲೆ ಕೇಳಿ ಸದ್ಯಕ್ಕೆ ಕಂಪನಿಯ ಆರ್ಮನ್ನೇ ಆರ್ಡರ್ ಮಾಡಿದ್ದೇನೆ.