ಎಂಟು ಚಾನೆಲ್‌ಗಳ ಯುಎಸ್‌ಬಿ ಮಿಕ್ಸರ್: ಮೂರು ವರ್ಷಗಳ ಬಳಕೆಯ ನಂತರ

ಮೈಕು, ವಾದ್ಯಗಳ ಸದ್ದನ್ನು ಬೆರೆಸಿ ಸ್ಪೀಕರಿಗೂ, ಯುಎಸ್‌ಬಿ ಕೇಬಲ್ ಮೂಲಕ ಕಂಪ್ಯೂಟರಿಗೂ ಕಳುಹಿಸುವ ಈ ಮಿಕ್ಸರ್ ನನ್ನ ಮೇಜನ್ನೇರಿ ಮೂರು ವರ್ಷ ಕಳೆದಿದೆ. ಅದಕ್ಕೂ ಮೊದಲು ನಾನು ಲ್ಯಾಪ್‌ಟಾಪಿನ ಹೆಡ್‌ಫೋನ್ ಜಾಕಿನಿಂದ ಹಳೆಯ ಅನಲಾಗ್ ಮಿಕ್ಸರಿನ ಲೈನ್ ಚಾನೆಲ್ಲಿಗೆ ಕೇಬಲ್ ಎಳೆದು ಟ್ರ್ಯಾಕ್ ನುಡಿಸುತ್ತಿದ್ದೆ; ರೆಕಾರ್ಡಿಂಗಿಗೆ ಮಿಕ್ಸರಿನ ಔಟ್‌ಪುಟ್ಟನ್ನು ಲ್ಯಾಪ್‌ಟಾಪಿನ ಮೈಕ್ ಜಾಕಿಗೆ ಕೊಡುತ್ತಿದ್ದೆ. ಮೈಕಿನ ಕ್ಷೀಣ ಸಿಗ್ನಲ್ಲಿಗೆಂದೇ ಇರುವ ಆ ಮೋನೊ ಜಾಕಿಗೆ ಅದಕ್ಕಿಂತ ಬಲು ಜೋರಾದ ಲೈನ್ ಮಟ್ಟದ ಸದ್ದು ಹರಿದರೆ ಧ್ವನಿ ಒಡೆಯುವುದು ಸಹಜ. ಆ ತೊಂದರೆಯನ್ನು ಯುಎಸ್‌ಬಿ ಮೊದಲ ದಿನವೇ ನೀಗಿಸಿತು.

ಗುಂಯ್‌ಗುಡುವಿಕೆ ಮಾತ್ರ ಅಷ್ಟು ಸುಲಭವಾಗಿ ತೊಲಗಲಿಲ್ಲ. ಯುಎಸ್‌ಬಿ ಕೇಬಲ್ಲಿನಲ್ಲಿಯೂ ಗ್ರೌಂಡ್ ತಂತಿ ಇರುವುದರಿಂದ, ಲ್ಯಾಪ್‌ಟಾಪಿನ ಚಾರ್ಜರ್ ಒಂದು ಗೋಡೆಯಲ್ಲಿ, ಸ್ಪೀಕರ್ ಇನ್ನೊಂದು ಗೋಡೆಯಲ್ಲಿ ಇದ್ದಾಗ ಗ್ರೌಂಡ್ ಲೂಪ್ (ಗ್ರೌಂಡ್ ತಂತಿಗಳೇ ಒಂದು ಸುತ್ತಾಗಿ ಸದ್ದಿಗೆ ಗುಂಯ್‌ಗುಡುವಿಕೆ ಸೇರಿಸುವುದು) ಹಾಗೆಯೇ ಉಳಿಯಿತು. ಪರದೆಯ ಮೇಲೆ ಪುಟ ಸರಿಸಿದಂತೆಲ್ಲ ಸ್ಪೀಕರಿನಲ್ಲಿ ಸಣ್ಣಗೆ ಕಿರ್ರೆನ್ನುತ್ತಿತ್ತು. ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ತಂದಾಗ ಮುಕ್ಕಾಲು ಪಾಲು ತಗ್ಗಿತು, ಮಿಕ್ಸರ್ ಮತ್ತು ಸ್ಪೀಕರ್ ನಡುವೆ ತಂತಿಯ ನೇರ ಸಂಪರ್ಕ ತಪ್ಪಿಸಿ ಸದ್ದನ್ನಷ್ಟೇ ದಾಟಿಸುವ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಸೇರಿಸಿದಾಗ ಉಳಿದದ್ದೂ ಹೋಯಿತು.

ಕಂಪ್ಯೂಟರಿನಿಂದ ಬರುವ ಸದ್ದು 7 ಮತ್ತು 8ನೇ ಚಾನೆಲ್ಲಿನಲ್ಲಿ ಇಳಿಯುತ್ತದೆ. ರೆಕಾರ್ಡಿಂಗ್ ತಂತ್ರಾಂಶದಲ್ಲಿ ಮಾನಿಟರಿಂಗ್ (ರೆಕಾರ್ಡ್ ಆಗುತ್ತಿರುವುದನ್ನು ಆಗಲೇ ಕೇಳಿಸುವ ಸೌಲಭ್ಯ) ಆನ್ ಆಗಿದ್ದರೆ ಮಿಕ್ಸರಿನಿಂದ ಹೋದ ಧ್ವನಿ ಅದೇ ಚಾನೆಲ್ಲಿಗೆ ಮರಳಿ, ಮತ್ತೆ ಕಂಪ್ಯೂಟರಿಗೆ ಹೋಗಿ, ಸುತ್ತು ಸುತ್ತಿಗೂ ಬೆಳೆಯುತ್ತದೆ. ಒಂದು ರಾತ್ರಿ ಹೆಡ್‌ಫೋನಿನಲ್ಲಿ ಆ ಕೂಗನ್ನು ಕೇಳಿದವನು ನಾನು. ಅಂದಿನಿಂದ ಹೊಸ ಟ್ರ್ಯಾಕ್ ತೆರೆದೊಡನೆ ಮೊದಲು ಆಫ್ ಮಾಡುವುದು ಮಾನಿಟರಿಂಗನ್ನೇ. ಹಾಡುವವರು ತಮ್ಮ ದನಿಯನ್ನು ನೇರವಾಗಿ ಮಿಕ್ಸರಿನಿಂದ ಕೇಳಿಕೊಂಡರೆ ವಿಳಂಬದ ಪ್ರಶ್ನೆಯೇ ಏಳುವುದಿಲ್ಲ. ತಂತ್ರಾಂಶದ ಮೂಲಕವೇ ಕೇಳುವುದಾದರೆ, 48 ಕಿಲೋಹರ್ಟ್ಸ್‌ನಲ್ಲಿ 256 ಸ್ಯಾಂಪಲ್‌ಗಳ ಬಫರ್ (ಧ್ವನಿಯನ್ನು ತುಸು ಹೊತ್ತು ಕೂಡಿಟ್ಟು ಕಳುಹಿಸುವ ಜಾಗ) ಒಂದು ದಿಕ್ಕಿಗೇ ಸುಮಾರು 5.3 ಮಿಲಿಸೆಕೆಂಡ್ ತಿನ್ನುತ್ತದೆ.

ನನ್ನ ದೊಡ್ಡ ತಕರಾರು ಎಂದರೆ, ಮುಂಭಾಗದಲ್ಲಿ ಎಂಟು ಚಾನೆಲ್‌ಗಳಿದ್ದರೂ ಕಂಪ್ಯೂಟರಿಗೆ ತಲುಪುವುದು ಎಲ್ಲವೂ ಬೆರೆತ ಎರಡೇ ಟ್ರ್ಯಾಕ್. ಹಾಡಿಗೆ ರಿವರ್ಬ್ (ಪ್ರತಿಧ್ವನಿಯಂಥ ಪರಿಣಾಮ) ತುಸು ಹೆಚ್ಚಾಯಿತೆಂದು ಮರುದಿನ ಅನಿಸಿದರೆ ಅದನ್ನು ಬೇರ್ಪಡಿಸಲು ದಾರಿಯಿಲ್ಲ. ಇಬ್ಬರೇ ಇದ್ದಾಗ ಒಬ್ಬರನ್ನು ಪೂರ್ತಿ ಎಡಕ್ಕೂ ಇನ್ನೊಬ್ಬರನ್ನು ಪೂರ್ತಿ ಬಲಕ್ಕೂ ಪ್ಯಾನ್ ಮಾಡಿ ಎರಡು ಪ್ರತ್ಯೇಕ ಟ್ರ್ಯಾಕ್ ಪಡೆಯುತ್ತೇನೆ, ಮೂರನೆಯವರು ಬಂದರೆ ಆ ಉಪಾಯವೂ ಮುಗಿಯಿತು. ಇದಕ್ಕಿಂತ ಮೋಸದ ಸಂಗತಿಯೆಂದರೆ, ಈ ಮಾದರಿಯಲ್ಲಿ ಯುಎಸ್‌ಬಿಗೆ ಸಿಗ್ನಲ್ ಹೋಗುವುದು ಒಟ್ಟು ಸದ್ದನ್ನು ಏರಿಳಿಸುವ ಜಾರುಗುಂಡಿಯಾದ ಮುಖ್ಯ ಫೇಡರಿನ ನಂತರ. ಕೋಣೆಯಲ್ಲಿ ಸದ್ದು ಜೋರಾಯಿತೆಂದು ಫೇಡರ್ ಇಳಿಸಿದ ನಾನು ಅರ್ಧ ಗಂಟೆಯ ರೆಕಾರ್ಡಿಂಗನ್ನೇ ಪಿಸುಮಾತಿನ ಮಟ್ಟಕ್ಕೆ ತಂದುಕೊಂಡಿದ್ದೆ. ಈಗ ಫೇಡರನ್ನು ಸೊನ್ನೆಯ ಗುರುತಿನಿಂದ ಕದಲಿಸದೆ ಸ್ಪೀಕರಿನ ಹಿಂದಿನ ವಾಲ್ಯೂಮ್ ಗುಬ್ಬಿಯನ್ನೇ (ನಾಬ್) ತಿರುಗಿಸುತ್ತೇನೆ. ತಂತ್ರಾಂಶದ ಮೀಟರಿನಲ್ಲಿ ಸರಾಸರಿ ಮಟ್ಟ ಮೈನಸ್ 18 ಡೆಸಿಬೆಲ್ ಸುತ್ತ ನಿಲ್ಲುವಂತೆ ಪ್ರತಿ ಚಾನೆಲ್ಲಿನ ಗೇನ್ (ಒಳಬರುವ ಸಿಗ್ನಲ್ಲನ್ನು ಎಷ್ಟು ಹಿಗ್ಗಿಸಬೇಕೆಂಬುದು) ಹೊಂದಿಸುತ್ತೇನೆ.

ಗುಬ್ಬಿಗಳಾಗಲಿ ಫೇಡರ್‌ಗಳಾಗಲಿ ಇನ್ನೂ ಕರಕರ ಎಂದಿಲ್ಲ. ಯುಎಸ್‌ಬಿ ಸಾಕೆಟ್ ಮಾತ್ರ ಸಡಿಲವಾಗಿದ್ದು, ಕೇಬಲ್ ಅಲುಗಿದರೆ ರೆಕಾರ್ಡಿಂಗ್ ನಡುವೆಯೇ ಕಡಿಯುತ್ತದೆ. ಹೀಗಾಗಿ ಕೇಬಲ್ಲನ್ನು ಮೇಜಿನ ಕಾಲಿಗೆ ಬಿಗಿದಿದ್ದೇನೆ. ಟ್ರ್ಯಾಕ್ ನುಡಿಸಿಕೊಂಡು ಒಬ್ಬರೋ ಇಬ್ಬರೋ ಹಾಡಿ ಉಳಿಸಿಕೊಳ್ಳುವವರಿಗೆ ಇದನ್ನು ಧೈರ್ಯವಾಗಿ ಹೇಳುತ್ತೇನೆ. ಇಡೀ ತಂಡವನ್ನು ರೆಕಾರ್ಡ್ ಮಾಡುವವರು ಪ್ರತಿ ಚಾನೆಲ್ಲನ್ನೂ ಬೇರೆ ಬೇರೆಯಾಗಿ ಕಳುಹಿಸುವ ಮಲ್ಟಿಟ್ರ್ಯಾಕ್ ಮಿಕ್ಸರನ್ನೇ ಕೊಳ್ಳಬೇಕು.