ಅಮ್ಮ ವಿಭೂತಿ ಹಾಕಿ ತಿಕ್ಕಿದ ಆಮೆ

ವರಮಹಾಲಕ್ಷ್ಮಿ ಹಬ್ಬಕ್ಕೆ ಕಲಶದ ಮುಂದೆ ಇಡಲು ಬೆಳ್ಳಿ ನಾಣ್ಯ ಬೇಕಿತ್ತು. ಆಕ್ಲೆಂಡಿನಲ್ಲಿ ಲಕ್ಷ್ಮಿ ನಾಣ್ಯ ಹುಡುಕುತ್ತಾ ಕೂತರೆ ಹಬ್ಬವೇ ಕಳೆದುಹೋಗುತ್ತಿತ್ತು. ಅಂಗಡಿಯವನು ತೋರಿಸಿದ ಆಮೆ ನಾಣ್ಯವನ್ನೇ ತಂದೆ. ಪೆಸಿಫಿಕ್ ಸಾಗರದ ಪುಟ್ಟ ದ್ವೀಪದೇಶ ನಿಯುಯೆಯದ್ದು, 2015ರದ್ದು. ಒಂದು ಔನ್ಸ್, ಅಂದರೆ 31.1 ಗ್ರಾಂ, 999 ಬೆಳ್ಳಿ (ಸಾವಿರಕ್ಕೆ 999 ಪಾಲು ಶುದ್ಧ). ಅಜ್ಜಿಯ ಹಳೇ ಬೆಳ್ಳಿ ರೂಪಾಯಿ 11.66 ಗ್ರಾಂ. ಪಕ್ಕದಲ್ಲಿಟ್ಟರೆ ಅದು ಇದರ ಮರಿಯ ಹಾಗೆ ಕಾಣುತ್ತದೆ.

ನನ್ನ ಜೊತೆ ಕೆಲಸ ಮಾಡುವ ಒಬ್ಬರು ನಿಯುಯೆಯವರು. ತೋರಿಸಿದರೆ ನಕ್ಕುಬಿಟ್ಟರು. 'ನಮ್ಮೂರಲ್ಲಿ ಇದನ್ನ ನೋಡೇ ಇಲ್ಲ' ಎಂದರು. ದ್ವೀಪದಲ್ಲಿ ಇರುವವರು ಎರಡು ಸಾವಿರವೂ ಇಲ್ಲ, ಅದಕ್ಕಿಂತ ಎಷ್ಟೋ ಜಾಸ್ತಿ ನಿಯುಯೆ ಜನ ಆಕ್ಲೆಂಡಿನಲ್ಲೇ ಇದ್ದಾರೆ. ದ್ವೀಪದಲ್ಲೂ ಓಡುವುದು ನ್ಯೂಜಿಲೆಂಡ್ ಡಾಲರ್. ಈ ನಾಣ್ಯದ ಮೇಲೂ 'ಎರಡು ಡಾಲರ್' ಎಂದೇ ಇದೆ. ಅಷ್ಟಕ್ಕೆ ಯಾರು ಕೊಡುತ್ತಾರೆ ಹೇಳಿ! ಅದರ ಹತ್ತಾರು ಪಟ್ಟು ಬೆಲೆಯ ಬೆಳ್ಳಿ ಒಳಗಿದೆ.

ನಾಣ್ಯದ ಕೆತ್ತನೆ ಕೆಲಸ ಚೆನ್ನಾಗಿದೆ. ಆಮೆಯ ಚಿಪ್ಪಿನ ಒಂದೊಂದು ಬಿಲ್ಲೆಯೂ ಬೆರಳಿಗೆ ಸಿಗುತ್ತದೆ. ಹಿಂದೆ ಎಲಿಜಬೆತ್ ರಾಣಿ. ಕೊಂಡ ಎರಡನೇ ವರ್ಷಕ್ಕೆ ರಾಣಿಯ ಕೆನ್ನೆ ಮೇಲೆ ಹಾಲು ಚೆಲ್ಲಿದ ಹಾಗೆ ಬಿಳಿ ಚುಕ್ಕೆಗಳು ಎದ್ದವು. ಬೆಳ್ಳಿ ನಾಣ್ಯ ಕೊಳ್ಳುವವರಿಗೆಲ್ಲ ಇದು ಗೊತ್ತಿರುವ ಕಾಟ. ಒರೆಸಿದರೆ ಹೋಗುವುದಿಲ್ಲ.

ಅದೇ ದೇಶದ ಇನ್ನೊಂದನ್ನೂ ಕೊಂಡೆ, ಮಗನ ಹಟಕ್ಕೆ. ಬಣ್ಣದ ಮಿಕ್ಕಿ ಮೌಸ್. ಚಂದದ ಡಬ್ಬಿ, ಪ್ರಮಾಣಪತ್ರ ಎಲ್ಲ ಇತ್ತು. ಬೆಲೆ ಮಾತ್ರ ಆಮೆಯ ಎರಡರಷ್ಟಕ್ಕೂ ಜಾಸ್ತಿ. 'ಕಡಿಮೆ ಸಂಖ್ಯೆಯಲ್ಲಿ ಅಚ್ಚಾಗಿದೆ, ಮುಂದೆ ಬೆಲೆ ಏರುತ್ತೆ' ಎಂದಿದ್ದ ಅಂಗಡಿಯವನು.

ಹೋದ ವರ್ಷ ಅಮ್ಮ ಹಾಸನದಿಂದ ಬಂದರು. ನಾನು ಕೆಲಸದಿಂದ ಬರುವಷ್ಟರಲ್ಲಿ ಆಮೆಯನ್ನು ಡಬ್ಬಿಯಿಂದ ತೆಗೆದು, ವಿಭೂತಿ ಹಾಕಿ ತಿಕ್ಕಿ ತೊಳೆದಿಟ್ಟಿದ್ದರು. 'ಏನೇ, ಕೂರ್ಮಾವತಾರನ ಹೀಗೆ ಕಪ್ಪಗೆ ಇಟ್ಟಿದೀಯಲ್ಲ!' ಹತ್ತಿರದಿಂದ ನೋಡಿದರೆ ಮೈತುಂಬ ಸಣ್ಣ ಗೀರು. ಪುಣ್ಯಕ್ಕೆ ಮಿಕ್ಕಿಯನ್ನು ಮುಟ್ಟಿರಲಿಲ್ಲ.

ಸುಮ್ನೆ ಬೆಲೆ ಕೇಳೋಣವೆಂದು ಎರಡನ್ನೂ ಅದೇ ಅಂಗಡಿಗೆ ಒಯ್ದೆ. ಗೀರು ಬಿದ್ದ ಆಮೆಯನ್ನು ತಕ್ಕಡಿಗೆ ಹಾಕಿ ಅಂದಿನ ಬೆಳ್ಳಿ ದರ ಹೇಳಿದ. ಡಬ್ಬಿ, ಪತ್ರ ಸಮೇತ ಇದ್ದ ಮಿಕ್ಕಿಗೂ ಅದೇ ದರ! ಮುಂದೆ ಬೆಲೆ ಏರುತ್ತೆ ಎಂದಿದ್ದಿರಲ್ಲ ಎಂದೆ. 'ಕೊಳ್ಳುವವರು ಸಿಗಬೇಕಲ್ಲ ಮೇಡಂ' ಎಂದ.

ಬೆಳ್ಳಿಗೋಸ್ಕರ ಕೊಳ್ಳುವವರಿಗೆ ಆಮೆ ಸಾಕು. ಗಾಳಿ ಆಡದ ಗಟ್ಟಿ ಡಬ್ಬಿ ಕೇಳಿ ತನ್ನಿ, ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಚೀಲ ಬೇಡ. ಮಿಕ್ಕಿ ಮಗನ ಪುಸ್ತಕದ ಕಪಾಟಿನಲ್ಲಿದ್ದಾನೆ. ಆಮೆ ದೇವರ ಮನೆಯಲ್ಲಿ, ರಾಣಿಯ ಮುಖ ಕೆಳಗೆ ಮಾಡಿಕೊಂಡು ಕೂತಿದೆ.